ಸಂತೆಯ ದಿನದ ಹೆರಿಗೆ

ರಸ್ತೆಗಳೆಲ್ಲ ನೀರಿನಡಿ ಸೇರಿದ ಮೇಲೆ ಊರಿನ ಓಡಾಟವೆಲ್ಲ ಡ್ರೋನ್‌ಗಳದೇ ಆಗಿತ್ತು. ಸೂಲಗಿತ್ತಿ ಹುಲಿಗೆಮ್ಮ ಮಾಳಿಗೆಯ ಮೇಲೆ ಕೂತು, ತನ್ನ ಡ್ರೋನ್ ಕಳಿಸುವ ಚಿತ್ರವನ್ನು ಕಣ್ಣಿನ ಗಾಗಲ್‌ನಲ್ಲಿ ನೋಡುತ್ತ, ಮಾತಿನಲ್ಲೇ ಹೇಳಿಕೊಟ್ಟು ನಡುಗಡ್ಡೆಯ ಬಸುರಿಯರಿಗೆ ಹೆರಿಗೆ ಮಾಡಿಸುತ್ತಿದ್ದಳು.

ಅಂದು ಸಂತೆ. ನಡುಗಡ್ಡೆಯಲ್ಲಿ ಒಬ್ಬಳಿಗೆ ಹೆರಿಗೆ ನೋವು ಶುರುವಾಗಿತ್ತು. ಆಕಾಶದ ತುಂಬ ಕಾಯಿಪಲ್ಲೆ ಹೊತ್ತ ಡ್ರೋನ್‌ಗಳು. ಕೂಸಿನ ತಲೆ ಕಾಣುವ ಹೊತ್ತಿಗೇ ಅವುಗಳ ಸಿಗ್ನಲ್ ಅಡ್ಡ ಬಂದು ಚಿತ್ರ ಕಲಸಿಹೋಯಿತು.

"ಯಪ್ಪಾ, ನನಗೇನೂ ಕಾಣವಲ್ದು! ಸ್ವಲ್ಪ ಬಂದ್ ಮಾಡ್ರೋ!" ಎಂದು ಕೂಗಿದಳು.

ಆ ಕೂಗು ಮಾಳಿಗೆಯಿಂದ ಮಾಳಿಗೆಗೆ ದಾಟಿತು. ಒಂದೊಂದೇ ಡ್ರೋನ್ ಕೆಳಗಿಳಿದಂತೆ ಚಿತ್ರ ತಿಳಿಯಾಯಿತು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. "ಬೆರಳು ಹಾಕಿ ಮೆಲ್ಲಗ ಸಡ್ಲ ಮಾಡವ್ವಾ," ಎಂದು ಬಸುರಿಯ ಪಕ್ಕದಲ್ಲಿದ್ದ ಅತ್ತೆಗೆ ಹೇಳಿಕೊಟ್ಟಳು. ಕೂಸು ಅತ್ತಿತು.

ಗಾಗಲ್ ತೆಗೆದಾಗ ಸಂತೆಯ ಹೊತ್ತು ಮೀರಿತ್ತು. ಸುತ್ತಲ ಮಾಳಿಗೆಗಳಲ್ಲಿ ಜನ ಡ್ರೋನ್ ಹಾರಿಸದೆ ಇನ್ನೂ ಕಾಯುತ್ತಲೇ ಇದ್ದರು.

"ಹೆಣ್ಣುಕೂಸ್ರೀ! ನೀವು ಉಳಿಸಿದ್ರಿ," ಎಂದು ಹುಲಿಗೆಮ್ಮ ನಾಲ್ಕೂ ದಿಕ್ಕಿಗೆ ಕೈಮುಗಿದಳು.