ಆಸ್ಟ್ರಿಯಾದ ಅಳಿಯ

"ಪಾಸ್‌ಪೋರ್ಟ್ ಎನ್ನುವ ಶಬ್ದ ಇವತ್ತು ಈ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು," ಎಂದು ಸ್ಟೀವನ್ ಮೂರನೆಯ ಸಲ ಎಚ್ಚರಿಸಿದರು.

ರೋಸಲಿಂಡ್ ಅಂಜಲ್ ಮೀನಿಗೆ ಮಸಾಲೆ ಸವರುತ್ತಿದ್ದರು. "ಬೆಳಗ್ಗಿನಿಂದ ಅದನ್ನೇ ಹೇಳ್ತಿರುವುದು ನೀವೊಬ್ಬರೇ ಮಾರಾಯ್ರೇ."

ಮಗಳು ಓಲಿವಿಯಾ ಈ ಕೊಲ್ಲಿ ದೇಶದ ಇಬ್ರಾ ಎಂಬ ಊರಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಕಳೆದ ವರ್ಷ ಮೊಣಕಾಲು ತಿರುಚಿಕೊಂಡ ಇಪ್ಪತ್ತಮೂರರ ಹುಡುಗನೊಬ್ಬನನ್ನು ಅವಳ ಮುಂದೆ ತಂದು ಮಲಗಿಸಿದ್ದರು. ಹೆಸರು ಕೊರ್ಬಿನಿಯನ್. ಊರು ಆಸ್ಟ್ರಿಯಾ. ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಬೆಟ್ಟದಿಂದ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಇಳಿಯುವುದೇ ಅವನ ಕಸುಬು. ಯಾವುದೋ ಜಾಹೀರಾತಿಗೆಂದು ಮರಳುದಿಬ್ಬದಿಂದ ಇಳಿಯಲು ಹೋಗಿ ಬಿದ್ದಿದ್ದ. ಮೊಣಕಾಲು ಸರಿಯಾಯಿತು. ಊರಿಗೆ ಹೋದ ಹುಡುಗ ಮಾತ್ರ ಎರಡು ಸಲ ಹಿಂದೆ ಬಂದ. ಈಗ ಹೆಣ್ಣು ಕೇಳಲು ಸಹಮ್ ಊರಿನಲ್ಲಿದ್ದ ಅವಳ ಅಪ್ಪ ಅಮ್ಮನ ಮನೆಗೇ ಬರುತ್ತಿದ್ದ.

ಸ್ಟೀವನ್ ಆಗಲೇ ಫೋನಿನಲ್ಲಿ ಅವನ ಜಾತಕ ಜಾಲಾಡಿದ್ದರು. ಜಗತ್ತಿನಲ್ಲಿ ಇನ್ನೂರ ಹದಿನಾಲ್ಕನೆಯ ಸ್ಥಾನ. ಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ಗೆಳೆಯ ಪಾಸ್ಕಲ್ ಕೇಳಿದಾಗ ಅವರು "ಹದಿನಾಲ್ಕನೆಯವನು" ಎಂದರು. ಇನ್ನೂರನ್ನು ಕಾರಿನಲ್ಲೇ ಬಿಟ್ಟು ಇಳಿದಿದ್ದರು.

ಬರುವ ಜೂನ್‌ನಲ್ಲಿ ಸ್ಟೀವನ್‌ಗೆ ಅರವತ್ತು. ಕಂಪನಿಯ ವೀಸಾ ಅಲ್ಲಿಗೆ ಖಲಾಸ್, ಆಮೇಲೆ ಮಂಗಳೂರಿನ ಮನೆಗೆ ವಾಪಸು. ಇಪ್ಪತ್ತೊಂಬತ್ತು ವರ್ಷ ಅವರು ವೀಸಾ ಕೊಡಿಸುವ ಅರಬ್ ಧಣಿ ಕಫೀಲ್‌ನ ಸಹಿಗಾಗಿ ಕುರ್ಚಿಯ ತುದಿಯಲ್ಲಿ ಕುಳಿತು ಕಾದವರು. ಮಗಳು ಹಾಗೆ ಕೂರಬಾರದು ಎಂಬುದೊಂದೇ ಅವರ ಹಟ. ಆಸ್ಟ್ರಿಯಾದ ಕಾನೂನು ಅವರಿಗೆ ಜಪಮಾಲೆಯಷ್ಟೇ ಬಾಯಿಪಾಠವಾಗಿತ್ತು: ಮದುವೆಯಾಗಿ ಐದು ವರ್ಷ, ಅಲ್ಲಿ ವಾಸ ಆರು ವರ್ಷ, ಭಾಷೆಯ ಪರೀಕ್ಷೆ, ಆಮೇಲೆ ಪೌರತ್ವ. ಆದರೆ ಈ ಲೆಕ್ಕಾಚಾರದ ವಾಸನೆ ಹುಡುಗನ ಮೂಗಿಗೆ ಬಡಿದರೆ ಎಲ್ಲ ಮುಗಿದಂತೆ.

ಒಂದು ಗಂಟೆಗೆ ಸರಿಯಾಗಿ ಕಾರು ಬಂತು. ಕೊರ್ಬಿನಿಯನ್ ಚಪ್ಪಲಿ ಹೊರಗೇ ಬಿಟ್ಟ. ಚಮಚ ಬೇಡವೆಂದು ಇಡ್ಲಿಯಂಥ ಸನ್ನಣವನ್ನು ಕೈಯಲ್ಲೇ ಮುರಿದು ಕೋಳಿ ಸಾರಿನಲ್ಲಿ ಅದ್ದಿದ. ನಡುವೆ ಕಿಸೆಯಿಂದ ಕನ್ನಡ ಕಲಿಯುವ ಪುಟ್ಟ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದ:

"ನನ್ನ ಹೆಸರು ಕೊರ್ಬಿನಿಯನ್. ನಾನು ಮಂಗಳೂರಿನಲ್ಲಿ ವಾಸವಾಗಿದ್ದೇನೆ."

"ಆಸ್ಟ್ರಿಯಾದಲ್ಲಿ," ಎಂದು ಸ್ಟೀವನ್ ತಿದ್ದಿದರು. ಹುಡುಗ ನಕ್ಕ. ಓಲಿವಿಯಾ ಬಗ್ಗಿ ಉಪ್ಪಿನಕಾಯಿ ಬಡಿಸಿಕೊಂಡಳು. ರೋಸಲಿಂಡ್ ಕರಗಿಹೋಗಿ ಅವನಿಗೆ ಇನ್ನೊಂದು ತುಂಡು ಮೀನು ಹಾಕಿದರು.

"ತಂಡಕ್ಕೆ ವಾಪಸು ಯಾವಾಗ?" ಸ್ಟೀವನ್ ಇಂಗ್ಲಿಷಿನಲ್ಲಿ ವಿಚಾರಿಸಿದರು.

"ಕಷ್ಟ ಅಂಕಲ್. ಒಲಿಂಪಿಕ್ಸಿನಲ್ಲಿ ಒಂದು ಸ್ಪರ್ಧೆಗೆ ನಮ್ಮ ದೇಶದಿಂದ ಹೋಗುವುದು ನಾಲ್ಕೇ ಜನ. ನನಗಿಂತ ಮುಂದೆ ಅರವತ್ತು ಜನ ಇದ್ದಾರೆ. ನಮ್ಮ ಹಳ್ಳಿಯ ಪೋಸ್ಟ್‌ಮ್ಯಾನ್ ಕೂಡ ನನಗಿಂತ ಒಂದು ಸೆಕೆಂಡು ಮೊದಲೇ ಕೆಳಗೆ ಮುಟ್ಟುತ್ತಾನೆ." ಅವನು ತಟ್ಟೆಯಿಂದ ತಲೆ ಎತ್ತಿದ. "ಭಾರತದಲ್ಲಿ ಸ್ಕೀ ಓಟಗಾರರು ಎಷ್ಟು ಜನ?"

"ನಮ್ಮಲ್ಲಾ? ಇದ್ದರೆ ಒಬ್ಬಿಬ್ಬರು ಇರಬಹುದು. ಅವರ ಹೆಸರು ಯಾರಿಗೆ ಗೊತ್ತು?"

"ಒಬ್ಬಿಬ್ಬರು!" ಹುಡುಗನ ಕೈ ತುತ್ತಿನೊಂದಿಗೆ ಹಾಗೇ ನಿಂತಿತು.

ಬಡ ದೇಶದ ಮೇಲೆ ಕನಿಕರ ಎಂದುಕೊಂಡರು ಸ್ಟೀವನ್.

"ಇಷ್ಟು ವರ್ಷ ಇಲ್ಲಿದ್ದೂ ನೀವೆಲ್ಲ ಭಾರತೀಯರಾಗಿಯೇ ಉಳಿದಿದ್ದೀರಿ, ಅಲ್ಲವೇ?"

"ಹೌದು."

"ಓಲಿವಿಯಾ ಕೂಡ?"

"ಅವಳೂ."

"ಎಷ್ಟು ಒಳ್ಳೆಯದಾಯಿತು!"

ಸ್ಟೀವನ್ ಅನುಮಾನದಿಂದ ಅವನತ್ತ ನೋಡಿದರು. ಹುಡುಗ ತಮ್ಮನ್ನು ಪರೀಕ್ಷಿಸುತ್ತಿದ್ದಾನೆಯೇ? ಬಾಯಿ ಮುಚ್ಚಿಕೊಂಡಿರು ಎಂದು ಅವರು ಮೇಜಿನಡಿ ಹೆಂಡತಿಯ ಪಾದ ತುಳಿದರು. "ಸಾರಿ ಅಂಕಲ್," ಎಂದು ಕೊರ್ಬಿನಿಯನ್ ಕಾಲು ಹಿಂದೆಳೆದುಕೊಂಡ.

ಮದುವೆಯ ಮಾತು ಬಂತು. ರಿಜಿಸ್ಟ್ರೇಶನ್ ಅವನ ಊರಿನಲ್ಲೇ ಆಗಲಿ ಎಂದರು ಸ್ಟೀವನ್. ಮಂಗಳೂರಿನಲ್ಲೇ ಆಗಬೇಕು ಎಂದ ಅವನು. ನಿಮ್ಮ ತಂದೆತಾಯಿಗೆ ಬೇಸರವಾದೀತು ಎಂದರು ಇವರು. ಅವರನ್ನು ನಾನು ಒಪ್ಪಿಸಿಯಾಗಿದೆ ಎಂದ ಅವನು. ಇಂಥ ವಿನಯದ ಹುಡುಗನನ್ನು ಸ್ಟೀವನ್ ಜನ್ಮದಲ್ಲಿ ಕಂಡಿರಲಿಲ್ಲ. ಸೋತು ಒಪ್ಪಿಕೊಂಡರು. ಮದುವೆ ಎಲ್ಲಾದರೂ ಆಗಲಿ, ವಾಸ ಅಲ್ಲಾದರೆ ಸಾಕು.

ಅಷ್ಟರಲ್ಲಿ, ಒಂದು ಗಂಟೆಯಿಂದ ನಾಲಿಗೆ ಬಿಗಿಹಿಡಿದಿದ್ದ ರೋಸಲಿಂಡ್ ಪಾಯಸ ಬಡಿಸುತ್ತ ಕೇಳಿಯೇಬಿಟ್ಟರು:

"ಅಲ್ಲ ಮಗಾ, ನಿಮ್ಮಲ್ಲಿ ಎರಡೆರಡು ಪಾಸ್‌ಪೋರ್ಟ್ ಇಟ್ಟುಕೊಳ್ಳಲಿಕ್ಕೆ ಬಿಡುವುದಿಲ್ಲವಂತೆ, ಹೌದಾ?"

ಸ್ಟೀವನ್ ಕಣ್ಣು ಮುಚ್ಚಿದರು.

ಕೊರ್ಬಿನಿಯನ್ ಓಲಿವಿಯಾಳ ಮುಖ ನೋಡಿದ. "ಹೇಳಿಬಿಡು," ಎಂದಳು ಅವಳು. "ಯಾವತ್ತಾದರೂ ಹೇಳಲೇಬೇಕಲ್ಲ."

"ಹೌದು ಆಂಟಿ, ಬಿಡುವುದಿಲ್ಲ. ನಿಮ್ಮ ದೇಶದಲ್ಲೂ ಬಿಡುವುದಿಲ್ಲ. ನಮ್ಮಿಬ್ಬರಲ್ಲಿ ಒಬ್ಬರು ತಮ್ಮದನ್ನು ಬಿಡಬೇಕು. ನಾವು ಆರು ತಿಂಗಳು ಇದನ್ನೇ ಮಾತಾಡಿದ್ದೇವೆ. ನಿಮಗೆ ನೋವಾಗಬಹುದೆಂದು ಹೆದರಿ ಬಾಯಿಬಿಡಲಿಲ್ಲ."

ನೋವು! ಸ್ಟೀವನ್‌ಗೆ ಎದ್ದು ಕುಣಿಯಬೇಕೆನಿಸಿತು. ಆದರೆ ಹೆಣ್ಣು ಹೆತ್ತವರ ಗಾಂಭೀರ್ಯ ಬಿಡಲಿಲ್ಲ. ಕರವಸ್ತ್ರದಿಂದ ಕಣ್ಣೊತ್ತಿಕೊಂಡರು.

"ಪ್ರೀತಿಯ ಮುಂದೆ ದೇಶ ಯಾವ ದೊಡ್ಡದು ಮಗಾ? ಬಿಡಬೇಕಾದವರು ಸಂತೋಷದಿಂದ ಬಿಡಲಿ. ಹೋಗಬೇಕಾದವರು ಹೋಗಲಿ. ನಮ್ಮದೇನೂ ಅಡ್ಡಿಯಿಲ್ಲ, ಇದು ನನ್ನ ಮಾತು." ಹಾಗೆಂದು ಎದ್ದು ಅವನನ್ನು ಬಿಗಿಯಾಗಿ ಅಪ್ಪಿಕೊಂಡರು.

ಹುಡುಗನ ಕಣ್ಣೂ ತುಂಬಿತು. "ಥ್ಯಾಂಕ್ಯೂ, ಪಪ್ಪಾ. ಹಾಗಾದರೆ ನಿಮ್ಮ ಮಂಗಳೂರಿನ ಮನೆಯಲ್ಲಿ ನಮಗೊಂದು ಕೋಣೆ ಕೊಡಿ. ಏಳು ವರ್ಷ ಅಲ್ಲೇ ವಾಸ ಮಾಡಿದರೆ ನಾನೂ ಭಾರತೀಯನಾಗಬಹುದಂತೆ, ಆಮೇಲೆ ಒಲಿಂಪಿಕ್ಸಿಗೆ ಭಾರತದಿಂದ ಸ್ಕೀ ಓಡುವುದು ನಾನೇ!"