ಅಯ್ಯೂಬ ಹಾಕದ ಸಹಿ

ಜಾಮೀನಿನ ಮೇಲೆ ಗದಗ ಜೈಲಿನಿಂದ ಹೊರಬಂದ ಅಯ್ಯೂಬನ ಮುಂದೆ ಏಜೆಂಟ್ ಕುಂಟುತ್ತ ಬಂದು ಕಾಗದ ಹಿಡಿದ. ಅಯ್ಯೂಬನನ್ನೂ ಮುಂಡರಗಿಯ ಇನ್ನಿಬ್ಬರನ್ನೂ ಪರದೇಶದ ಯುದ್ಧಕ್ಕೆ ಕಳಿಸಿದವನು ಅವನೇ. ಆ ಇಬ್ಬರನ್ನು ಅಲ್ಲೇ ಮಣ್ಣು ಮಾಡಿ ಮರಳಿದ ಅಯ್ಯೂಬ, ಇವನ ಕಾಲು ಮುರಿದು ಜೈಲು ಸೇರಿದ್ದ.

“ಮೂವರೂ ಯುದ್ಧ ಅಂತ ತಿಳದ ಹೋಗಿದ್ವಿ ಅಂತ ಸಹಿ ಮಾಡು. ಕಾಲಿನ ಕೇಸು ರಾಜಿ ಮಾಡ್ಕೋತೀನಿ,” ಎಂದ ಏಜೆಂಟ್.

“ನಾ ಬಂದೂಕ ಹಿಡಿಯಾಕಂತನ ಹೋದಾಂವ. ನಿನ್ನ ಕಾಲು ಮುರದಾಂವನೂ ನಾನ. ಎರಡೂ ಕೋರ್ಟಿನ್ಯಾಗ ಹೇಳತೀನಿ. ಆದ್ರ ಅವರಿಬ್ಬರಿಗೆ ನೀ ಅಡಗಿ ಕೆಲಸ ಅಂತ ಹೇಳಿದ್ದಿ.”

“ಹಂಗಾದ್ರ ಮತ್ತ ಒಳಗ ಕೊಳೀತಿ.”

ಕರೆದೊಯ್ಯಲು ಬಂದಿದ್ದ ಹೆಂಡತಿ ಗುಲ್ನಾಜ ನಡುವೆ ಬಂದು ನಿಂತಳು. “ಒಳಗ ಹೋದ್ರ ನಾ ಬುತ್ತಿ ತರ್ತೀನಿ,” ಎಂದಳು ಗಂಡನಿಗೆ. “ಮೊದಲ ವಕೀಲರ ಕಡೆ ನಡ್ರಿ.”