ತಮ್ಮನ ಪಾಲಿನ ಹಾಲು

“ಮಗು ಗಟ್ಟಿಯಾಗಿದೆ. ಅಕ್ಕನ ತೊಂದರೆ ಇವನಿಗಿಲ್ಲ. ಇನ್ನು ಆ ಸೋಯಾ ಪುಡಿ ಸಾಕು, ನಿಮ್ಮ ಹಾಲನ್ನೇ ಕೊಡಿ,” ಎಂದರು ಡಾಕ್ಟರು.

ಅತ್ತೆಯ ಮುಖ ಅರಳಿತು. ಸೊಸೆ ಮಾತ್ರ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು, “ಇನ್ನೊಂದು ಸಲ ರಕ್ತ ಪರೀಕ್ಷೆ ಮಾಡ್ತೀರಾ ಡಾಕ್ಟ್ರೇ?” ಎಂದಳು.

“ಎರಡು ಸಲ ಮಾಡಿಸಿದೀವಲ್ಲಮ್ಮ. ಎರಡು ಸಲವೂ ಒಂದೇ ಉತ್ತರ. ಪರದೆ ಆಚೆ ಕೂತು ನೆಮ್ಮದಿಯಾಗಿ ಕುಡಿಸಿ.”

ಪರದೆಯಾಚೆ ಒಂದು ಕುರ್ಚಿ, ಒಂದು ಬೆಂಚು, ಕೈ ತೊಳೆಯುವ ಬೇಸಿನ್ನು. ನಾಲ್ಕು ವರ್ಷದ ಮಗಳು ಬೆಂಚು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು ಶುರು ಮಾಡಿದಳು. ಒಂದು ಕಡೆ ನಿಲ್ಲದ್ದಕ್ಕೇ ಮನೆಯಲ್ಲಿ ಅವಳಿಗೆ ಬುಗುರಿ ಎಂದು ಹೆಸರು. ಸೊಸೆ ಕುರ್ಚಿಯಲ್ಲಿ ಕೂತವಳು ಚೀಲಕ್ಕೆ ಕೈ ಹಾಕಿ ಬಿಸಿನೀರಿನ ಫ್ಲಾಸ್ಕು, ಬಾಟಲಿ, ಸೋಯಾ ಡಬ್ಬಿ ಹೊರಗೆ ತೆಗೆದಳು.

“ಏನೇ ಅದು?” ಎಂದರು ಅತ್ತೆ.

“ಇವತ್ತೊಂದಿನ ಇದೇ ಇರ್ಲಿ ಅತ್ತೆ. ನಾಳೆ ನೋಡೋಣ.”

ಈ ಸೊಸೆ ಹೆದರುವ ಪೈಕಿಯಲ್ಲ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುವ ಶಿಷ್ಯರ ಪಕ್ಕ ಕೂತು ಆಕಳಿಸಬಲ್ಲವಳು. ಆದರೆ ಬುಗುರಿ ಹುಟ್ಟಿದಾಗ ಅವಳಿಗೆ ಎದೆ ತುಂಬ ಹಾಲಿತ್ತು. ಕುಡಿದಷ್ಟೂ ಮಗು ಕಕ್ಕುತ್ತಿತ್ತು, ಕಕ್ಕಿದಷ್ಟೂ ಇವಳು ಕುಡಿಸುತ್ತಿದ್ದಳು. ಕಣ್ಣು, ಮೈಯೆಲ್ಲ ಅರಿಶಿನವಾಗಿ, ಅಳುವ ತ್ರಾಣವೂ ಹೋದ ಮೇಲೆ ದೊಡ್ಡಾಸ್ಪತ್ರೆಯವರು ಕಂಡುಹಿಡಿದರು. ಹಾಲಿನೊಳಗಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಈ ಮಗುವಿಗೆ ಹುಟ್ಟಿನಿಂದಲೇ ಇಲ್ಲ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದು ಸೇರಿದ್ದು. ಅಪರೂಪಕ್ಕೆ ಯಾರಿಗೋ ಬರುವಂಥದು. ತಾಯಿಯ ಹಾಲೂ ಕೂಡದು. ಹಾಲು ನಿಲ್ಲಿಸಿದ ಮೇಲೆ ಮಗು ಚಿಗುರಿಕೊಂಡಿತು.

‘ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದವು ಬದುಕ್ತಾವಾ’ ಎಂದು ಮಾತುಮಾತಿಗೆ ಗಾದೆ ಒಗೆಯುತ್ತಿದ್ದ ಅತ್ತೆ ಅವತ್ತಿನಿಂದ ಆ ಗಾದೆಯನ್ನೇ ಬಿಟ್ಟರು. ಬಿಸ್ಕತ್ತಿನ ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನು ಭೂತಗನ್ನಡಿ ಹಿಡಿದು ಓದದೆ ಏನನ್ನೂ ಒಳಗೆ ಬಿಡುವವರಲ್ಲ. ಬಂದವರಿಗೆಲ್ಲ ಸೋಯಾ ಡಬ್ಬಿ ತೋರಿಸಿ, “ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋದು ನಮ್ಮನೇಲಿ ಗಾದೆ ಅಲ್ಲ, ಅಡುಗೆಮನೆ ಕಾನೂನು,” ಎನ್ನುತ್ತಿದ್ದರು.

ಈ ಎರಡನೆಯವನಿಗೆ ಹುಟ್ಟಿದ ಗಳಿಗೆಯಿಂದ ಸೋಯಾ. ಹಾಲು ಬತ್ತದಿರಲಿ ಎಂದು ಡಾಕ್ಟರು ಹೇಳಿದ್ದಕ್ಕೆ ಸೊಸೆ ಹಿಂಡಿ ಹಿಂಡಿ ಬಚ್ಚಲಿಗೆ ಚೆಲ್ಲಿದ್ದಳು. ಚೆಲ್ಲುವಾಗ ಒಂದು ದಿನವೂ ಹಿಂದೆಮುಂದೆ ನೋಡಿರಲಿಲ್ಲ. ಈಗ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು.

“ಇವನೂ ಕಕ್ಕಿದ್ರೆ?”

“ಒರೆಸಿದ್ರಾಯ್ತು. ಕಕ್ಕದೆ ಇರೋ ಕೂಸು ಎಲ್ಲಾದ್ರೂ ಉಂಟಾ?”

“ನಿಮಗೆ ಗೊತ್ತಾಗಲ್ಲ ಅತ್ತೆ. ಅವಳಿಗೆ ಕೊಟ್ಟಿದ್ದು ನಾನಲ್ವಾ.”

“ನೀನು ಕೊಟ್ಟೆ. ಪಕ್ಕದಲ್ಲಿ ಕೂತು ಇನ್ನೂ ಕೊಡು, ಇನ್ನೂ ಕೊಡು ಅಂದಿದ್ದು ನಾನು.” ಅತ್ತೆ ಅವಳ ಕೈಯಿಂದ ಬಾಟಲಿಯನ್ನು ಮೆಲ್ಲಗೆ ಬಿಡಿಸಿಕೊಂಡು ಬೆಂಚಿನ ಮೇಲಿಟ್ಟರು. “ಆಗ ಇಬ್ರಿಗೂ ಗೊತ್ತಿರ್ಲಿಲ್ಲ. ಈಗ ಇಬ್ರಿಗೂ ಗೊತ್ತಿದೆ. ಡಾಕ್ಟ್ರು ಹಾಲು ಬೇಡ ಅಂದಾಗ, ಕೊಟ್ರೇನಾಗತ್ತೆ ಅಂದೋರ ಹತ್ರ ಎಲ್ಲ ಜಗಳ ಆಡಿದೋಳು ನಾನು. ಅದೇ ಬಾಯಲ್ಲಿ ಹೇಳ್ತಿದೀನಿ, ಕೊಡು.”

ಸೊಸೆ ಬೆಂಚಿನ ಮೇಲಿನ ಬಾಟಲಿಗೆ ಮತ್ತೆ ಕೈ ಚಾಚಿದಳು.

“ಈ ವಯಸ್ಸಲ್ಲಿ ನನ್ನ ಕೈಗೆ ಸ್ಟೇರಿಂಗ್ ಕೊಟ್ಯಲ್ಲ, ಅವತ್ತೇನಂದೆ? ಬ್ರೇಕ್ ಮೇಲೇ ಕಾಲಿಟ್ಕೊಂಡು ಕೂತೋರು ಯಾರೂ ಊರು ಸೇರಿಲ್ಲ ಅತ್ತೆ, ಅಂದೆ.”

ಕಣ್ಣು ತುಂಬಿದ್ದರೂ ಸೊಸೆಗೆ ನಗು ತಡೆಯಲಾಗಲಿಲ್ಲ. “ನೀವು ಗೇಟಿಗೆ ಗುದ್ದಿದ್ರಿ.”

“ಗುದ್ದಿದೆ. ಇವತ್ತು ನಿಮ್ಮನ್ನೆಲ್ಲ ಕಾರಲ್ಲಿ ಕೂರಿಸ್ಕೊಂಡು ಬಂದೋರು ಯಾರು? ಆ ಗೇಟಾ?”

ಅಷ್ಟರಲ್ಲಿ ಕೂಸಿಗೆ ಎಚ್ಚರವಾಯಿತು. ಬಾಟಲಿಯೇನೂ ಅದರ ಕಣ್ಣಿಗೆ ಬೀಳಲಿಲ್ಲ. ಮೂಗಿನಿಂದಲೇ ದಾರಿ ಹುಡುಕುತ್ತ ಮುಖವನ್ನು ಅಮ್ಮನ ಎದೆಗೆ ಒತ್ತಿತು. ಸೊಸೆ ಒಮ್ಮೆ ಉಸಿರು ಎಳೆದುಕೊಂಡು ರವಿಕೆಯ ಗುಂಡಿ ಬಿಚ್ಚಿದಳು. ಕೂಸು ಒಂದೆರಡು ಸಲ ತಪ್ಪಿ, ಮೂರನೆಯದಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತು. ಪುಟ್ಟ ಗಂಟಲಲ್ಲಿ ಗುಟುಕು ಇಳಿಯುವುದನ್ನೇ ಅವಳು ನೋಡುತ್ತ ಕೂತಳು. ಮೊದಮೊದಲು ಭುಜ ಕಲ್ಲಿನಂತೆ ಸೆಟೆದಿತ್ತು. ಎಷ್ಟು ಹೊತ್ತಿಗೋ ಅದು ತಾನಾಗಿ ಸಡಿಲಿತು, ಬೆನ್ನು ಕುರ್ಚಿಗೆ ಒರಗಿತು. ಅತ್ತೆ ಫ್ಲಾಸ್ಕು, ಡಬ್ಬಿಗಳನ್ನು ಚೀಲಕ್ಕೆ ತುಂಬಿದರು. ಕೂಸು ಕಕ್ಕಲಿಲ್ಲ. ಅಜ್ಜಿಯ ಹೆಗಲೇರಿ, ಪರದೆಯಾಚೆ ಇದ್ದ ಡಾಕ್ಟರಿಗೂ ಕೇಳುವಂಥ ಒಂದು ತೇಗು ತೇಗಿ, ಮತ್ತೆ ಎದೆಗೇ ಮರಳಿತು.

ಬುಗುರಿ ಯಾವಾಗಲೋ ಬಂದು ಅಮ್ಮನ ಮೊಣಕಾಲಿಗೆ ಆತುಕೊಂಡು ನಿಂತಿದ್ದಳು. ಯಾರ ಕೈಯಲ್ಲಿ ಹಾಲಿನ ಲೋಟ ಕಂಡರೂ ‘ನಂಗಾಗಲ್ಲ’ ಎಂದು ತಾನಾಗಿಯೇ ಹಿಂದೆ ಸರಿಯಲು ಕಲಿತ ಹುಡುಗಿ.

“ಅಮ್ಮಾ, ನಾನೂ ಹೀಗೇ ಕುಡೀತಿದ್ನಾ?”

ಸೊಸೆ ಅತ್ತೆಯ ಮುಖ ನೋಡಿದಳು. ಹೇಳು ಎಂಬಂತೆ ಅತ್ತೆ ತಲೆಯಾಡಿಸಿದರು.

“ಕುಡೀತಿದ್ದೆ ಕಂದ.”

“ಆಮೇಲೆ ನಂಗೆ ಹುಷಾರು ತಪ್ತಾ?”

“ಹೂಂ. ತಪ್ತು.”

ಬುಗುರಿ ಒಂದು ಗಳಿಗೆ ಅಲುಗಾಡದೆ ನಿಂತು ಯೋಚಿಸಿದಳು. ಆಮೇಲೆ ತಮ್ಮನ ಕಿವಿಯ ಹತ್ತಿರ ಬಗ್ಗಿ, ಅಕ್ಕನ ಗತ್ತಿನಲ್ಲಿ ಹೇಳಿದಳು:

“ಏಯ್, ಮೊದ್ಲು ಕುಡ್ದಿದ್ದು ನಾನು. ಗೊತ್ತಾಯ್ತಾ?”